ವಾಟ್ಸಾಪ್ ಗ್ರೂಪಲ್ಲಿ ಲೆಕ್ಕ ಹಾಕಿದ್ರೆ ಒಬ್ಬ ಉತ್ತರ ಹೇಳ್ತಾನೆ, ಉಳಿದವ್ರು ಅಳಿಸಿಬಿಡ್ತಾರೆ. ಮಕ್ಕಳನ್ನು ಒಟ್ಟಿಗೆ ಯೋಚನೆ ಮಾಡಿಸುದು ಹೇಗೆ?

ಪೆರ್ಲ_ಟೀಚರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಕಾಸರಗೋಡು ಜಿಲ್ಲೆಯ ಒಂದು ಕನ್ನಡ ಮೀಡಿಯಂ ಹೈಸ್ಕೂಲಲ್ಲಿ ನಾನು ಗಣಿತ ಟೀಚರ್. ಸ್ವಲ್ಪ ಉದ್ದ ಆಗ್ತದೆ, ಪುರುಸೊತ್ತು ಮಾಡಿ ಪೂರ್ತಿ ಓದಿ.

ನಮ್ಮಲ್ಲಿ ಮಳೆ ಜೋರಾಯ್ತು ಅಂದ್ರೆ ಕಲೆಕ್ಟರ್ ರಜೆ ಕೊಡ್ತಾರೆ, ಕೆಲವು ವಾರ ಎರಡೆರಡು ದಿನ ಹಾಗೇ ಹೋಗ್ತದೆ. ಅದಕ್ಕೆ ಒಂಬತ್ತನೇ ಕ್ಲಾಸಿನ 31 ಮಕ್ಕಳದ್ದು ಒಂದು ವಾಟ್ಸಾಪ್ ಗ್ರೂಪ್ ಮಾಡಿದ್ದೇನೆ, ಹೆಚ್ಚಿನವು ಅಪ್ಪ ಅಮ್ಮನ ನಂಬರ್‌ಗಳೇ. ಪಾಠ ಮಾಡ್ಲಿಕ್ಕೆ ಅಂತ ಮಾಡಿದ್ದಲ್ಲ, ಪಾಠದ ವಿಡಿಯೋ ಕೇರಳ ಸರಕಾರದ ಶಿಕ್ಷಣ ಚಾನೆಲ್ ವಿಕ್ಟರ್ಸ್‌ನದ್ದು ಉಂಟು, 2020ರಲ್ಲಿ ಅದರಲ್ಲಿ ಫಸ್ಟ್ ಬೆಲ್ ಅನ್ನುವ ಆನ್‌ಲೈನ್ ಕ್ಲಾಸ್ ಶುರುವಾದಾಗಿಂದ ಮೊಬೈಲಲ್ಲಿ ಪಾಠ ನೋಡುದು ಮಕ್ಕಳಿಗೆ ಹೊಸತೂ ಅಲ್ಲ. ನನಗೆ ಬೇಕಾದ್ದು ಬೇರೆ. ಒಂದು ಲೆಕ್ಕ ಹಾಕಿದ್ರೆ ಮಕ್ಕಳು ಅದರ ಮೇಲೆ ಅವರವರೇ ಮಾತಾಡ್ಬೇಕು, ಒಬ್ಬನಿಗೆ ಹೊಳೆದದ್ದನ್ನು ಇನ್ನೊಬ್ಬಳು ಮುಂದೆ ಕೊಂಡುಹೋಗ್ಬೇಕು, ಸಿಕ್ಕಿಹಾಕಿಕೊಂಡ್ರೆ ಎಲ್ಲಿ ಸಿಕ್ಕಿಬಿದ್ದದ್ದು ಅಂತ ಹೇಳ್ಲಿಕ್ಕೆ ಬರ್ಬೇಕು. ಕ್ಲಾಸಲ್ಲಿ 45 ನಿಮಿಷದಲ್ಲಿ ಇದು ಆಗುದೇ ಇಲ್ಲ, ಮನೆಯಲ್ಲಿ ಕೂತು ನಿಧಾನಕ್ಕೆ ಆಗ್ತದೆ ಅಂತ ನಾನು ಅಂದುಕೊಂಡದ್ದು.

ಕಳೆದ ವಾರದ ರಜೆಗೆ ಈ ಲೆಕ್ಕ ಹಾಕಿದೆ. 81 ಅಡಿ ಉದ್ದ, 54 ಅಡಿ ಅಗಲದ ಜಾಗ, ಅಡಿಕೆ ಸಸಿ 9 ಅಡಿ ಅಂತರದಲ್ಲಿ ನೆಡ್ಬೇಕು, ಎಷ್ಟು ಸಸಿ ತರ್ಬೇಕು? ಈ 9 ಅಡಿ ನಾನು ಸುಮ್ಮನೆ ಹಾಕಿದ್ದಲ್ಲ, ನಮ್ಮ ಕಾಸರಗೋಡಿನ ತೋಟದ ಬೆಳೆ ಸಂಶೋಧನಾ ಕೇಂದ್ರ ಸಿಪಿಸಿಆರ್‌ಐಯವರು ಹೇಳುವ 2.7 ಮೀಟರ್ ಅಂದ್ರೆ ಹೆಚ್ಚುಕಡಿಮೆ ಅದೇ, ಮಕ್ಕಳ ಮನೆಯ ತೋಟದಲ್ಲೂ ಅದೇ ಅಂತರ. ಗೊತ್ತಿರುವ ವಿಷಯ ಆದ್ರೆ ಮಾತು ಬರ್ತದೆ ಅಂತ.

ಮೂರೇ ನಿಮಿಷ. ಕ್ಲಾಸಲ್ಲಿ ಯಾವಾಗಲೂ ಫಸ್ಟ್ ಬರುವ ಹುಡುಗ ‘54’ ಅಂತ ಹಾಕಿದ, ಕೆಳಗೆ ಲೆಕ್ಕವೂ ಹಾಕಿದ, 81×54=4374, ಒಂದು ಸಸಿಗೆ 9×9=81 ಚದರ ಅಡಿ, ಭಾಗಿಸಿದ್ರೆ 54. ಚಂದ ಮಾಡಿದ್ದಾನೆ, ತಪ್ಪು ಹೇಳ್ಲಿಕ್ಕಿಲ್ಲ. ಆಮೇಲೆ ಹೆಬ್ಬೆರಳು, ಹೆಬ್ಬೆರಳು, ಕೈ ಮುಗಿದ ಚಿತ್ರ, ಅಷ್ಟೇ, ಗ್ರೂಪ್ ತಣ್ಣಗಾಯ್ತು. ರಾತ್ರಿ ನಾನು ಮೇಲೆ ಸರಿಸಿ ನೋಡ್ತೇನೆ, ಅವನ ಉತ್ತರದ ಆಚೆ ಈಚೆ ಮೂರು ಕಡೆ ‘ಈ ಮೆಸೇಜ್ ಡಿಲೀಟ್ ಆಗಿದೆ’ ಅಂತ ಉಂಟು. ಮೂರು ಮಕ್ಕಳು ಏನೋ ಬರೆದು ಅಳಿಸಿದ್ದಾರೆ.

ಶಾಲೆ ಶುರುವಾದ ದಿನ ಅದರಲ್ಲಿ ಒಬ್ಬಳನ್ನು ಕರೆದು ಕೇಳಿದೆ. ಅವಳು ಹೇಳಿದ್ದು ಹೀಗೆ: “ನನಗೆ 70 ಬಂದದ್ದು ಟೀಚರ್. 81 ಅಡಿಯಲ್ಲಿ ಒಂಬತ್ತು ಗ್ಯಾಪ್, ಆದ್ರೆ ಗುಂಡಿ ಹತ್ತು. ಈ ಬದಿಗೆ ಆರು ಗ್ಯಾಪ್, ಏಳು ಗುಂಡಿ. ಅವ 54 ಹೇಳಿದ, ಅವನದ್ದು ತಪ್ಪಾಗ್ಲಿಕ್ಕಿಲ್ಲ ಅಂತ ಅಳಿಸಿದೆ.”

ನನಗೆ ಎರಡು ದಿನ ಆ ಮಾತು ತಲೆಯಿಂದ ಹೋಗ್ಲಿಲ್ಲ. ಅಷ್ಟು ಒಳ್ಳೆ ಯೋಚನೆ ಮಾಡಿದವಳು ಅದನ್ನು ತಾನೇ ಅಳಿಸಿದ್ದಾಳೆ, ಅದೂ ನಾನು ಮಾಡಿದ ಗ್ರೂಪಲ್ಲಿ. ಆನ್‌ಲೈನಲ್ಲಿ ಮಕ್ಕಳಿಂದ ಒಟ್ಟಿಗೆ ಲೆಕ್ಕ ಬಿಡಿಸಿದ ಅನುಭವ ಯಾರಿಗಾದ್ರೂ ಉಂಟಾ? ಗ್ರೂಪ್ ಬೇಡ ಅಂತ ಬಿಡುದಾ, ಬೇರೆ ಆ್ಯಪ್ ಬೇಕಾ, ಇಲ್ಲ ನಾನು ಲೆಕ್ಕ ಹಾಕುವ ಕ್ರಮವೇ ತಪ್ಪಾ?


ಮುಳ್ಳೇರಿಯ_ಮಾಷ್ಟ್ರು:

ಟೀಚರೇ, ಗ್ರೂಪ್ ಬಿಡ್ಬೇಡಿ. ಆ ಅಳಿಸಿದ ಮೂರು ಮೆಸೇಜಲ್ಲೇ ನಿಮ್ಮ ಪಾಠ ಇದ್ದದ್ದು, ಅದನ್ನು ಉಳಿಸುವ ದಾರಿ ಹುಡುಕಿದ್ರೆ ಸಾಕು.

ಮೊದಲನೇದು, ಆ ಹುಡುಗಿಯ 70 ತಪ್ಪಲ್ಲವೇ ಅಲ್ಲ. ಜಾಗದ ಅಂಚಿಗೇ ಸಸಿ ನೆಡ್ಬಹುದು ಅಂತಾದ್ರೆ 70, ಎಲ್ಲ ಬದಿಗೂ ನಾಲ್ಕೂವರೆ ಅಡಿ ಬಿಟ್ಟು ನೆಡುದಾದ್ರೆ 54. ನಿಮ್ಮ ಪ್ರಶ್ನೆಯಲ್ಲಿ ಅಂಚಿನ ಸುದ್ದಿ ಇಲ್ಲ. ಅಂದ್ರೆ ನೀವು ಗೊತ್ತಿಲ್ಲದೇ ತುಂಬ ಒಳ್ಳೆ ಪ್ರಶ್ನೆ ಹಾಕಿದ್ದೀರಿ, ಅದಕ್ಕೆ ಮೂರು ನಿಮಿಷ ಸಾಲದು, ಮೂರು ದಿನ ಬೇಕು.

ಎರಡನೇದು, 31 ಮಕ್ಕಳ ಗ್ರೂಪಲ್ಲಿ ಲೆಕ್ಕ ಹಾಕಿದ್ರೆ ಅದು ಸಭೆ ಆಗ್ತದೆ, ಸಭೆಯಲ್ಲಿ ಮಾತಾಡ್ಲಿಕ್ಕೆ ನಮಗೇ ಧೈರ್ಯ ಬರುದಿಲ್ಲ, ಮಕ್ಕಳಿಗೆ ಎಲ್ಲಿಂದ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಡ್ರೆಕ್ಸೆಲ್ ಯೂನಿವರ್ಸಿಟಿಯಲ್ಲಿ ಮ್ಯಾತ್ ಫೋರಂ ಅಂತ ಇತ್ತು, ಅಲ್ಲಿಯವರು ವರ್ಚುವಲ್ ಮ್ಯಾತ್ ಟೀಮ್ಸ್ ಅಂತ ಹೇಳಿ ಇದನ್ನೇ ವರ್ಷಗಟ್ಟಲೆ ಮಾಡಿ ನೋಡಿದ್ದಾರೆ, ಗೆರಿ ಸ್ಟಾಲ್ ಅನ್ನುವವರು ಅದರ ಮೇಲೆ ತುಂಬ ಬರೆದಿದ್ದಾರೆ. ಅವರ ಟೀಮಲ್ಲಿ ಬೆರಳೆಣಿಕೆಯ ಮಕ್ಕಳು ಮಾತ್ರ, ಒಂದು ಬದಿಯಲ್ಲಿ ಚಾಟ್, ಪಕ್ಕದಲ್ಲೇ ಎಲ್ಲರಿಗೂ ಕಾಣುವ ಚಿತ್ರದ ಬೋರ್ಡು, ‘ನಾನು ಹೇಳುದು ಈ ಗೆರೆಯ ಬಗ್ಗೆ’ ಅಂತ ಚಾಟಿಂದ ಚಿತ್ರಕ್ಕೆ ಗುರುತು ಹಾಕ್ಲಿಕ್ಕೂ ಆಗ್ತಿತ್ತು. ಈ ಕೊನೆಯದ್ದು ಸಣ್ಣ ವಿಷಯ ಅಂತ ಕಾಣ್ತದೆ, ಆದ್ರೆ ಗಣಿತದಲ್ಲಿ ಜಗಳ ಅರ್ಧ ‘ನೀನು ಯಾವುದರ ಬಗ್ಗೆ ಹೇಳುದು’ ಅಂತಲೇ ಆಗುದು.

ಅವರು ಕೊಟ್ಟ ಒಂದು ಲೆಕ್ಕವನ್ನು ನಾನು ಎರಡು ವರ್ಷದ ಹಿಂದೆ ನಮ್ಮ ಮಕ್ಕಳಿಗೆ ಹಾಕಿದ್ದೆ. ನಾಲ್ಕೇ ಜನ, ಇಬ್ಬರು ನಮ್ಮ ಶಾಲೆಯವ್ರು, ಇಬ್ಬರು ಪೈವಳಿಕೆ ಕಡೆಯ ನನ್ನ ಗೆಳೆಯನ ಶಾಲೆಯವ್ರು, ಒಬ್ಬರ ಮುಖ ಒಬ್ಬರು ನೋಡಿದ್ದಿಲ್ಲ. ಕಡ್ಡಿಯಿಂದ ಚೌಕ ಮಾಡಿ ಮೆಟ್ಟಿಲಿನ ಹಾಗೆ ಜೋಡಿಸುದು, ಮೊದಲ ಹಂತದಲ್ಲಿ ಒಂದು ಚೌಕ, ಎರಡನೇದರಲ್ಲಿ ಮೂರು, ಮೂರನೇದರಲ್ಲಿ ಆರು. ಪ್ರತಿ ಹಂತಕ್ಕೆ ಎಷ್ಟು ಕಡ್ಡಿ? ಹಿಡಿಸೂಡಿಯಿಂದ (ಪೊರಕೆಯಿಂದ) ಕಡ್ಡಿ ಎಳೆದು ತುಂಡು ಮಾಡಿ ಜಗಲಿಯಲ್ಲಿ ಇಟ್ಟು ಫೋಟೋ ತೆಗೆದು ಹಾಕಿದ್ರು. ಚಾಟ್ ನನ್ನ ಹತ್ತಿರ ಈಗಲೂ ಉಂಟು, ಹೆಸರು ತೆಗೆದು ಹಾಕ್ತೇನೆ:

– ಮೂರನೇದರಲ್ಲಿ 6 ಚೌಕ, ಒಂದಕ್ಕೆ 4 ಕಡ್ಡಿ, 24
– ನಾನು ಎಣಿಸಿದೆ 18 ಮಾತ್ರ ಉಂಟು
– ನಿನ್ನದು ಫೋಟೋ ಹಾಕು
– ಹಾಕಿದೆ
– ಹೌದಲ್ಲ 18. ಮತ್ತೆ ನನ್ನದು ಯಾಕೆ ಜಾಸ್ತಿ
– ಮಧ್ಯದ ಕಡ್ಡಿ ಎರಡು ಚೌಕಕ್ಕೂ ಒಂದೇ, ನೀನು ಎರಡು ಸಲ ಎಣಿಸಿದ್ದು
– ಹಾಗಾದ್ರೆ ಮಧ್ಯದ್ದು 6 ಇರ್ಬೇಕು. ಹೌದು 6 ಉಂಟು
– ಎರಡನೇದರಲ್ಲಿ ಮಧ್ಯದ್ದು 2
– ನಾಲ್ಕನೇದು ಮಾಡಿ ಆಯ್ತು, 40ರಲ್ಲಿ 12 ಹೋಯ್ತು 28
– 2, 6, 12. ಒಂದೆರಡ್ಲಿ ಎರಡು, ಎರಡ್ಮೂರ್ಲಿ ಆರು, ಮೂರ್ನಾಲ್ಕ್ಲಿ ಹನ್ನೆರಡು!!

ಅದೇ ಹೊತ್ತಿಗೆ ನಾಲ್ಕನೆಯವಳು, ಅಷ್ಟು ಹೊತ್ತು ಒಂದಕ್ಷರ ಬರೆಯದೇ ಇದ್ದವಳು, ಒಂದು ಫೋಟೋ ಹಾಕಿದ್ಳು. ಮಲಗಿದ ಕಡ್ಡಿ ಬೇರೆ, ನಿಂತ ಕಡ್ಡಿ ಬೇರೆ ರಾಶಿ ಮಾಡಿದ್ದಾಳೆ. ಮಲಗಿದ್ದು 3+3+2+1, ಒಂಬತ್ತು. ನಿಂತದ್ದೂ ಒಂಬತ್ತು. ಎರಡು ದಾರಿಯಲ್ಲಿ ಒಂದೇ ಉತ್ತರ ಬಂದದ್ದು ನೋಡಿ ಅವರಿಗೆ ಆದ ಖುಷಿ ನಾನು ಹೇಳ್ಲಿಕ್ಕಾಗುದಿಲ್ಲ. ಮರುದಿನ ಎರಡನ್ನೂ ಅಕ್ಷರದಲ್ಲಿ ಬರೆದು ಎನ್ ಇಂಟು ಎನ್, ಅದಕ್ಕೆ ಮೂರು ಎನ್ ಕೂಡಿಸುದು ಅಂತ ಸೂತ್ರ ತಂದ್ರು, ಎನ್ ಅಂದ್ರೆ ಎಷ್ಟನೇ ಹಂತ ಅಂತ. 24 ಅಂತ ಹೇಳಿದ ಹುಡುಗ ಅದನ್ನು ಅಳಿಸಿದ್ದಿದ್ರೆ ‘ಮಧ್ಯದ ಕಡ್ಡಿ’ ಅನ್ನುವ ಮಾತೇ ಬರ್ತಿರ್ಲಿಲ್ಲ.

ನಾನು ಮಾಡಿದ್ದು ಇಷ್ಟೇ. ಮೊದಲ ದಿನ ಯಾರೂ ಉತ್ತರ ಹಾಕ್ಲಿಕ್ಕಿಲ್ಲ, ‘ನನಗೆ ಕಂಡದ್ದು’ ಮತ್ತೆ ‘ನನಗೆ ಸಂಶಯ ಇರುದು’ ಅಂತ ಎರಡೇ ತರದ ಮೆಸೇಜ್. ಇದೂ ಆ ಮ್ಯಾತ್ ಫೋರಂನವರದ್ದೇ ಕ್ರಮ, ಆನಿ ಫೆಟರ್ ಅನ್ನುವವರು ಇದನ್ನು ಎಲ್ಲ ಕಡೆ ಹೇಳಿಕೊಡ್ತಾ ಬಂದದ್ದು. ಬೇಗ ಬಿಡಿಸುವ ಮಕ್ಕಳು ಇದ್ರೆ ಅವರ ಬಾಯಿ ಮುಚ್ಚಿಸ್ಬೇಡಿ, ಬೇರೆ ಕೆಲಸ ಕೊಡಿ, ‘ನಿನಗೆ ಉತ್ತರ ಸಿಕ್ಕಿದೆ ಅಂತ ನನಗೆ ಗೊತ್ತು, ಈಗ ಬೇರೆಯವರ ದಾರಿಯಲ್ಲಿ ಹೋಗಿ ನೋಡು’ ಅಂತ. ಮತ್ತೆ ನಾವು ‘ವೆರಿಗುಡ್’ ಹೇಳುದನ್ನು ತಡ ಮಾಡ್ಬೇಕು. ಟೀಚರ್ ವೆರಿಗುಡ್ ಹೇಳಿದ್ರು ಅಂದ್ರೆ ಮಕ್ಕಳಿಗೆ ಲೆಕ್ಕ ಮುಗಿಯಿತು ಅಂತ ಅರ್ಥ. ಮೂರು ದಿನದಲ್ಲಿ ನಾನು ಹಾಕಿದ್ದು ನಾಲ್ಕು ಮೆಸೇಜ್, ನಾಲ್ಕೂ ಪ್ರಶ್ನೆಯೇ.


ಉಪ್ಪಳದವ_ಬೆಂಗ್ಳೂರಲ್ಲಿ:

ಟೀಚರ್, ನಾನು ಸಾಫ್ಟ್‌ವೇರಲ್ಲಿ ಇರೋದು, ಓದಿದ್ದು ನಮ್ಮೂರಿನ ಕನ್ನಡ ಶಾಲೆಯಲ್ಲೇ. ಮಾಷ್ಟ್ರು ಹೇಳಿದ್ದಕ್ಕೆ ಇನ್ನೊಂದು ಸೇರಿಸ್ತೀನಿ, ಮಕ್ಕಳಿಗೆ ಕಥೆ ತರ ಹೇಳ್ಲಿಕ್ಕೂ ಆಗುತ್ತೆ.

2009ರಲ್ಲಿ ಕೇಂಬ್ರಿಡ್ಜಿನ ಟಿಮೊಥಿ ಗೋವರ್ಸ್, ಗಣಿತದ ಅತಿ ದೊಡ್ಡ ಪ್ರಶಸ್ತಿಗಳಲ್ಲಿ ಒಂದಾದ ಫೀಲ್ಡ್ಸ್ ಮೆಡಲ್ ಬಂದವರು, ತಮ್ಮ ಬ್ಲಾಗಲ್ಲಿ ಒಂದು ಕಷ್ಟದ ಪ್ರಮೇಯ ಇಟ್ಟು ಯಾರು ಬೇಕಾದ್ರೂ ಬನ್ನಿ ಒಟ್ಟಿಗೆ ಮಾಡೋಣ ಅಂದ್ರು. ಪಾಲಿಮ್ಯಾತ್ ಅಂತ ಹೆಸರು. ಆ ಪ್ರಮೇಯಕ್ಕೆ 1991ರಲ್ಲೇ ಸಾಧನೆ (ಪ್ರೂಫ್) ಬಂದಿತ್ತು ಆದ್ರೆ ತುಂಬ ಸುತ್ತು ದಾರಿ, ಇವರಿಗೆ ಬೇಕಾಗಿದ್ದು ನೇರ ದಾರಿ. ಅಷ್ಟೇ ಹೆಸರಾಂತ ಗಣಿತಜ್ಞ ಟೆರೆನ್ಸ್ ಟಾವ್ ಬಂದ್ರು, ಹೈಸ್ಕೂಲ್ ಟೀಚರೂ ಬಂದ್ರು. ಸುಮಾರು ಆರು ವಾರದಲ್ಲಿ ಬಹುಶಃ ಆಯ್ತು ಅಂತ ಗೋವರ್ಸ್ ಬರೆದ್ರು, ಪೇಪರ್ ಬಂದಾಗ ಲೇಖಕರ ಹೆಸರು ಡಿ.ಎಚ್.ಜೆ. ಪಾಲಿಮ್ಯಾತ್, ಒಬ್ಬರ ಹೆಸರೂ ಇಲ್ಲ.

ನಿಮ್ಮ ಪ್ರಶ್ನೆಗೆ ಬೇಕಾದ್ದು ಏನಂದ್ರೆ ಗೋವರ್ಸ್ ಮೊದಲೇ ನಿಯಮ ಹಾಕಿದ್ರು. ಕಾಮೆಂಟ್ ಚಿಕ್ಕದಿರಬೇಕು, ಒಂದೇ ಯೋಚನೆ. ಅರ್ಧಂಬರ್ಧ ಇದ್ರೂ ಸರಿ, ತಪ್ಪಿದ್ರೂ ಸರಿ, ಹೊಳೆದಾಗಲೇ ಹಾಕಿ. ಮನೆಗೆ ಹೋಗಿ ಒಬ್ಬರೇ ಕೂತು ಪೂರ್ತಿ ಬಿಡಿಸಿ ತರಬೇಡಿ. ಜಗತ್ತಿನ ಅತಿ ದೊಡ್ಡ ಗಣಿತಜ್ಞರಿಗೇ ‘ತಪ್ಪಾದ್ರೂ ಹಾಕಿ’ ಅಂತ ಬರೆದು ಹೇಳಬೇಕಾಯ್ತು, ನಮ್ಮ ಒಂಬತ್ತನೇ ಕ್ಲಾಸಿನ ಹುಡುಗಿ ಅಳಿಸಿದ್ರಲ್ಲಿ ಆಶ್ಚರ್ಯ ಏನಿದೆ. ಈ ನಿಯಮವನ್ನು ಕನ್ನಡದಲ್ಲಿ ಬರೆದು ಗ್ರೂಪಿನ ಮೇಲೆ ಪಿನ್ ಮಾಡಿ.

ಅದೇ ವರ್ಷ ಜುಲೈಲಿ ಟಾವ್ ಅವರು ಐಎಂಒದ (ಹೈಸ್ಕೂಲ್ ಮಕ್ಕಳ ಅಂತಾರಾಷ್ಟ್ರೀಯ ಗಣಿತ ಒಲಿಂಪಿಯಾಡ್) ಆರನೇ ಪ್ರಶ್ನೆ, ಮಿಡತೆ ಹಾರೋ ಲೆಕ್ಕ, ಅದನ್ನೂ ಹೀಗೇ ಬ್ಲಾಗಲ್ಲಿ ಹಾಕಿ ಜನರಿಂದ ಬಿಡಿಸಿದ್ರು. 2013ರಲ್ಲಿ ಯಿಟಾಂಗ್ ಝಾಂಗ್ ಅನ್ನೋ ಗಣಿತಜ್ಞರು 7 ಕೋಟಿಗಿಂತ ಕಡಿಮೆ ಅಂತರದ ಅವಿಭಾಜ್ಯ ಸಂಖ್ಯೆಗಳ ಜೋಡಿ ಮುಗಿಯೋದೇ ಇಲ್ಲ ಅಂತ ತೋರಿಸಿದ ಮೇಲೆ ಪಾಲಿಮ್ಯಾತಿನವರು ಸೇರಿ, ಜೇಮ್ಸ್ ಮೇನಾರ್ಡ್ ಅನ್ನೋ ಗಣಿತಜ್ಞರ ಹೊಸ ದಾರಿಯನ್ನೂ ಹಿಡಿದು, ಆ 7 ಕೋಟಿಯನ್ನು 246ಕ್ಕೆ ಇಳಿಸಿದ್ರು. ಮಕ್ಕಳಿಗೆ ಈ ಎರಡು ಸಂಖ್ಯೆ ಹೇಳಿ ನೋಡಿ, ಕಣ್ಣು ದೊಡ್ಡ ಮಾಡ್ತಾರೆ.

ಟೂಲ್ ವಿಷಯ. ಗಣಿತದ ಚಿತ್ರ ಬಿಡಿಸೋ ಜಿಯೋಜೀಬ್ರ ಆ್ಯಪ್ ನಿಮ್ಮ ಮಕ್ಕಳಿಗೆ ಐಸಿಟಿ (ಕಂಪ್ಯೂಟರ್) ಪಾಠದಲ್ಲೇ ಬಂದಿರುತ್ತೆ, ಅದರ ಕ್ಲಾಸ್‌ರೂಮಲ್ಲಿ ನೀವು ಒಂದು ಕೋಡ್ ಕೊಟ್ರೆ ಎಲ್ಲರ ಚಿತ್ರ ನಿಮಗೆ ಒಟ್ಟಿಗೆ ಕಾಣುತ್ತೆ. ಗೂಗಲ್ ಜಾಮ್‌ಬೋರ್ಡ್ ಅಂತ ಯಾರಾದ್ರೂ ಹೇಳಿದ್ರೆ ಹುಡುಕಬೇಡಿ, ಆ ಆನ್‌ಲೈನ್ ಬೋರ್ಡು 2024ರ ಕೊನೆಗೆ ನಿಂತು ಹೋಯ್ತು. ಗೂಗಲ್ ಸ್ಲೈಡ್ಸಲ್ಲಿ ಮಗುವಿಗೊಂದು ಹಾಳೆ ಕೊಟ್ರೂ ನಡೆಯುತ್ತೆ.


ಬದಿಯಡ್ಕದ_ಅಮ್ಮ:

ನಾನು ಟೀಚರ್ ಅಲ್ಲ, ಎಂಟನೇ ಕ್ಲಾಸಿನ ಹುಡುಗನ ಅಮ್ಮ. ಒಂದೆರಡು ಮಾತು ಹೇಳ್ಬೇಕು ಅಂತ ಕಂಡಿತು, ಬೇಜಾರು ಮಾಡ್ಬೇಡಿ.

ನಮ್ಮ ಮನೆಯಲ್ಲಿ ಫೋನ್ ಒಂದೇ, ಅದು ಇವರ ಹತ್ತಿರ, ಇವರು ಬರುವಾಗ ಏಳೂವರೆ. ಮಗ ಗ್ರೂಪ್ ನೋಡುವಾಗ ಉತ್ತರ ಬಂದು ಎಷ್ಟೋ ಹೊತ್ತಾಗಿರ್ತದೆ, ಮತ್ತೆ ಅವನು ಎಂತ ಯೋಚನೆ ಮಾಡುದು. ಹಾಗಾಗಿ ಮೊದಲ ದಿನ ಉತ್ತರ ಇಲ್ಲ ಅಂತ ಮಾಷ್ಟ್ರು ಹೇಳಿದ್ದು ಓದಿ ನನಗೆ ತುಂಬ ಸಮಾಧಾನ ಆಯ್ತು. ಅದು ನಿಧಾನದ ಮಕ್ಕಳಿಗೆ ಮಾತ್ರ ಅಲ್ಲ, ಫೋನ್ ತಡ ಸಿಗುವ ಮಕ್ಕಳಿಗೂ ಬೇಕು. ಮತ್ತೆ ಮಳೆಗೆ ನಮ್ಮಲ್ಲಿ ಕರೆಂಟ್ ಹೋದ್ರೆ ಟವರೂ ಹೋಗ್ತದೆ, ಗುಡ್ಡೆಯ ಮೇಲೆ ಹೋದ್ರೆ ಮಾತ್ರ ನೆಟ್. ಇಂಥ ಗಂಟೆಗೆ ಎಲ್ರೂ ಇರ್ಬೇಕು ಅಂತ ಮಾಡಿದ್ರೆ ಅರ್ಧ ಮಕ್ಕಳು ಇರುದಿಲ್ಲ.

ಇನ್ನೊಂದು, ಮಗನಿಗೆ ಕನ್ನಡದಲ್ಲಿ ಟೈಪ್ ಮಾಡುದು ಕಷ್ಟ, ಮನೆಯಲ್ಲಿ ನಾವು ತುಳು ಮಾತಾಡುದು. ಲೆಕ್ಕ ಹೇಗೆ ಮಾಡಿದೆ ಅಂತ ಕೇಳಿದ್ರೆ ತುಳುವಿನಲ್ಲಿ ಚಂದ ಹೇಳ್ತಾನೆ, ಬರೀ ಅಂದ್ರೆ ಉತ್ತರ ಮಾತ್ರ ಬರೀತಾನೆ. ವಾಯ್ಸ್ ಹಾಕ್ಲಿಕ್ಕೆ ಬಿಡಿ ಟೀಚರ್, ತುಳು ಆಗ್ಲಿ ಮಲಯಾಳ ಆಗ್ಲಿ ಬ್ಯಾರಿ ಆಗ್ಲಿ, ಮಕ್ಕಳಿಗೆ ಒಬ್ಬರದ್ದು ಒಬ್ಬರಿಗೆ ಅರ್ಥ ಆಗ್ತದೆ.


ನಿವೃತ್ತ_ಗಣಿತ:

ಎಲ್ಲ ಓದಿದೆ. ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ, ಹೇಳ್ತೇನೆ.

ಹೊಳೆದ ಕೂಡಲೇ ಗ್ರೂಪಿಗೆ ಹಾಕಿ ಅನ್ನುದು ದೊಡ್ಡವರಿಗೆ ಸರಿ. ಗೋವರ್ಸ್, ಟಾವ್ ಇವರೆಲ್ಲ ಒಬ್ಬರೇ ಕೂತು ಯೋಚನೆ ಮಾಡಿ ಹಣ್ಣಾದವರು. ನಮ್ಮ ಮಗುವಿಗೆ ಮೊದಲು ಕಾಗದ ಪೆನ್ಸಿಲ್ ಹಿಡಿದು ಒಂಟಿಯಾಗಿ ಲೆಕ್ಕದ ಎದುರು ಕೂರ್ಲಿಕ್ಕೆ ಬರ್ಬೇಕು, ಹತ್ತು ನಿಮಿಷ ಆದ್ರೂ. ಅದಿಲ್ಲದೇ ಗ್ರೂಪಿಗೆ ಬಂದ್ರೆ ಬೇರೆಯವರ ಮಾತಿಗೆ ತಲೆ ಆಡಿಸುದೇ ಕಲಿಯುದು. ಲೆಕ್ಕ ಬಿಡಿಸುದಕ್ಕೆ ಗಣಿತಜ್ಞ ಪೋಲ್ಯಾ ಹೇಳಿದ ನಾಲ್ಕು ಹಂತ ನಾವು ಟ್ರೈನಿಂಗಲ್ಲಿ ಬಾಯಿಪಾಠ ಮಾಡಿದ್ದು, ಲೆಕ್ಕ ಅರ್ಥ ಮಾಡಿಕೊಳ್ಳುದು, ಉಪಾಯ ಹುಡುಕುದು, ಅದರಂತೆ ಮಾಡುದು, ತಿರುಗಿ ನೋಡುದು. ನನ್ನ ಮಟ್ಟಿಗೆ ಮೊದಲ ಹಂತ ಒಬ್ಬನೇ ಮಾಡ್ಬೇಕಾದ್ದು, ಕೊನೆಯದ್ದು ಎಲ್ಲ ಸೇರಿ ಮಾಡ್ಬೇಕಾದ್ದು. ತಿರುಗಿ ನೋಡುದನ್ನು ಕ್ಲಾಸಲ್ಲಿ ನಾವು ಯಾರೂ ಮಾಡ್ಲಿಲ್ಲ, ಸಮಯ ಎಲ್ಲಿ, ಪೋರ್ಷನ್ ಮುಗಿಸ್ಬೇಕು. ಆನ್‌ಲೈನಿನ ನಿಜವಾದ ಉಪಕಾರ ಅಲ್ಲಿ ಉಂಟು, ಮಕ್ಕಳ ಮಾತು ಅಳಿಯದೇ ಅಲ್ಲೇ ಇರ್ತದೆ, ಮೂರು ದಿನ ಕಳೆದು ಪುನಃ ಓದ್ಬಹುದು.

ಹಾಗಾಗಿ ಒಂದು ಸಲಹೆ. ಪ್ರತಿಯೊಬ್ಬರೂ ಮೊದಲು ಕಾಗದದಲ್ಲಿ ಮಾಡಿ ಫೋಟೋ ನಿಮಗೆ ಮಾತ್ರ ಕಳಿಸ್ಲಿ, ಗ್ರೂಪಿಗಲ್ಲ. ಎಲ್ಲರದ್ದೂ ಬಂದ ಮೇಲೆ ಬೇರೆ ಬೇರೆ ದಾರಿಯ ನಾಲ್ಕೈದನ್ನು ಹೆಸರು ಮುಚ್ಚಿ ನೀವೇ ಒಟ್ಟಿಗೆ ಗ್ರೂಪಿಗೆ ಹಾಕಿ. ಆಗ ಅಳಿಸ್ಲಿಕ್ಕೆ ಯಾರ ಕೈಯಲ್ಲೂ ಆಗುದಿಲ್ಲ, ನಾಚಿಕೆಯೂ ಇಲ್ಲ. ತಪ್ಪು ಉತ್ತರ ಒಂದಾದ್ರೂ ಇರ್ಲಿ. ‘ಇದನ್ನು ಮಾಡಿದವರು ಎಂತ ಯೋಚನೆ ಮಾಡಿರ್ಬಹುದು’ ಅಂತ ಕೇಳಿ, ‘ಇದು ಸರಿಯಾ’ ಅಂತ ಕೇಳ್ಬೇಡಿ.


ಪೆರ್ಲ_ಟೀಚರ್:

ಇಷ್ಟು ಜನ ಇಷ್ಟು ಮನಸ್ಸಿಟ್ಟು ಬರೆದದ್ದು ನೋಡಿ ಕಣ್ಣು ತುಂಬಿ ಬಂತು. ಮಾಷ್ಟ್ರೇ, ಅಂಚಿನ ವಿಷಯ ನನ್ನ ತಲೆಗೇ ಹೋಗಿರ್ಲಿಲ್ಲ, 54ಕ್ಕೆ ಕೂಡ್ಲೇ ಸರಿ ಹಾಕಿದವಳು ನಾನೇ. ನಿವೃತ್ತ ಸರ್ ಹೇಳಿದ ಹಾಗೆ ಅದೇ ಅಡಿಕೆ ಲೆಕ್ಕವನ್ನು ಪುನಃ ಹಾಕ್ತೇನೆ, ಫೋಟೋ ನನಗೆ ಮಾತ್ರ, ಎರಡು ದಿನ ಸಮಯ, ಆಮೇಲೆ ನಾಲ್ಕು ನಾಲ್ಕು ಜನರ ಸಣ್ಣ ಗ್ರೂಪ್, ವಾಯ್ಸ್ ಯಾವ ಭಾಷೆಯಲ್ಲಾದ್ರೂ ಸರಿ. ಏನಾಯ್ತು ಅಂತ ಬಂದು ಬರೀತೇನೆ.


ಪೆರ್ಲ_ಟೀಚರ್ (ಎರಡು ವಾರ ಕಳೆದು):

ಬರೀತೇನೆ ಅಂದಿದ್ದೆ, ತಡ ಆಯ್ತು, ಪರೀಕ್ಷೆ ಪೇಪರ್ ಇತ್ತು.

26 ಮಕ್ಕಳು ಫೋಟೋ ಕಳಿಸಿದ್ರು. ಮೊದಲ ಸಲ ಗ್ರೂಪಲ್ಲಿ ಬಂದದ್ದು ಒಂದೇ ಉತ್ತರ, ಈ ಸಲ ಐದು! 54, 70, 60, 63, ಮತ್ತೆ ಒಬ್ಬ ಹುಡುಗನದ್ದು 30. ಐದನ್ನೂ ಹೆಸರು ಮುಚ್ಚಿ ಹಾಕಿದೆ, ‘ಇವರು ಎಂತ ಯೋಚನೆ ಮಾಡಿರ್ಬಹುದು’ ಅಂತ ಮಾತ್ರ ಬರೆದೆ.

30 ನೋಡಿ ನಾನೇ ಒಮ್ಮೆ ಇದು ಬಿಡುವ ಅಂತ ಇದ್ದೆ. ಅವನು ಸುತ್ತಳತೆ ತೆಗೆದದ್ದು, 270, ಅದನ್ನು 9ರಿಂದ ಭಾಗಿಸಿದ್ದು. ಗ್ರೂಪಲ್ಲಿ ಒಬ್ಬಳು “ಇದು ಬೇಲಿಗೆ ಕಂಬ ಹಾಕಿದ ಹಾಗೆ ಉಂಟು, ಒಳಗೆ ಸಸಿ ಇಲ್ಲ” ಅಂತ ವಾಯ್ಸ್ ಹಾಕಿದ್ಳು. ಅದಕ್ಕೆ ಇನ್ನೊಬ್ಬ, “ಒಳಗೆ ನೆಟ್ರೆ ಎಷ್ಟಾಗ್ತದೆ, ಉದ್ದಕ್ಕೆ ಎಂಟು, ಅಗಲಕ್ಕೆ ಐದು, 40”. ಐದು ನಿಮಿಷ ಯಾರೂ ಮಾತಾಡ್ಲಿಲ್ಲ. ಆಮೇಲೆ ಮೂರು ಜನ ಒಟ್ಟಿಗೇ ‘30+40=70’ ಅಂತ ಹಾಕಿದ್ರು. ಆ 30ರ ಹುಡುಗ ಕ್ಲಾಸಲ್ಲಿ ಕೊನೆ ಬೆಂಚಿನವ, ಅವನೇ ಆಮೇಲೆ “ಅದು ನನ್ನದು” ಅಂತ ಹೆಸರು ಹೇಳಿಕೊಂಡ.

60 ಮತ್ತೆ 63 ಹೇಗೆ ಬಂತು ಅಂತ ಒಂದು ದಿನ ಪೂರ್ತಿ ಹೋಯ್ತು. ಉದ್ದದ ಸಾಲಿನ ಎರಡು ಕೊನೆಗೂ ಸಸಿ, ಅಗಲದಲ್ಲಿ ಅರ್ಧರ್ಧ ಅಂತರ ಬಿಟ್ಟದ್ದು ಅಂದ್ರೆ 10×6. ಅದು ತಿರುವು ಮುರುವಾದ್ರೆ 9×7. ಅಷ್ಟರಲ್ಲಿ ಒಬ್ಬಳು ಅವಳ ಅಜ್ಜನನ್ನು ಕೇಳಿ ಬಂದ್ಳು, ಅಜ್ಜ ಹೇಳಿದ್ದು ಅವಳ ವಾಯ್ಸಲ್ಲಿ ಹವ್ಯಕ ಭಾಷೆಯಲ್ಲೇ ಉಂಟು, ‘ಕರೆಲಿ ನೆಡ್ಲಾಗ’ ಅಂತ, ಅಂದ್ರೆ ಅಂಚಲ್ಲಿ ನೆಡ್ಬಾರ್ದು, ಗಡಿಗೇ ನೆಟ್ರೆ ಬೇರು ಆಚೆಯವರ ಜಾಗಕ್ಕೆ ಹೋಗ್ತದೆ, ನೆರಳೂ ಬೀಳ್ತದೆ, ತಕರಾರಾಗ್ತದೆ. ಆದ್ರೆ ಆಚೆ ಬದಿಯ ತೋಟವೂ ನಮ್ಮದೇ ಆದ್ರೆ ಅಂತ ಇನ್ನೊಬ್ಬ ಕೇಳಿದ. ಅಲ್ಲಿಂದ ಮುಂದೆ ಅವರು ಮಾತಾಡಿದ್ದು ‘ಸರಿ ಉತ್ತರ ಯಾವುದು’ ಅಂತ ಅಲ್ಲ, ‘ಯಾವಾಗ ಯಾವುದು’ ಅಂತ. ನನಗೆ ಇಷ್ಟೇ ಬೇಕಾದ್ದು.

ಫಸ್ಟ್ ಬರುವ ಆ ಹುಡುಗನದ್ದು ಹೇಳ್ಬೇಕು. ಮೊದಲ ದಿನ ಅವನಿಗೆ ಸ್ವಲ್ಪ ಬೇಸರ ಆಗಿತ್ತು, ನನಗೂ ಅವನಿಗೆ ಅನ್ಯಾಯ ಮಾಡ್ತಿದ್ದೇನಾ ಅಂತ ಹೆದರಿಕೆ ಇತ್ತು. ಮಾಷ್ಟ್ರು ಹೇಳಿದ ಹಾಗೆ ‘70ರ ದಾರಿಯಲ್ಲಿ ಹೋಗಿ ನೋಡು’ ಅಂದೆ. ಎರಡು ದಿನ ಕಳೆದು ರಾತ್ರಿ ಒಂದು ಫೋಟೋ, 70ರಿಂದ 54 ಕಳೆದ್ರೆ 16, ಆ 16 ಅಂದ್ರೆ 9+6+1, ಉದ್ದ ಅಗಲ ಯಾವುದೇ ಇರ್ಲಿ ಯಾವಾಗಲೂ ಹಾಗೇ ಬರ್ತದೆ ಅಂತ ಅಕ್ಷರ ಹಾಕಿ ತೋರಿಸಿದ್ದಾನೆ. 54 ಅಂತ ಹಾಕಿ ಸುಮ್ಮನಾಗಿದ್ರೆ ಅವನಿಗೂ ಇದು ಸಿಗ್ತಿರ್ಲಿಲ್ಲ.

ಎಲ್ಲ ಚಂದ ಆಯ್ತು ಅಂತ ಹೇಳುದಿಲ್ಲ. ಐದು ಮಕ್ಕಳು ಫೋಟೋವೇ ಕಳಿಸ್ಲಿಲ್ಲ, ಇಬ್ಬರಿಗೆ ಫೋನೇ ಸಿಗ್ಲಿಲ್ಲ, ಅವರಿಗೆ ಶಾಲೆಯಲ್ಲಿ ಊಟದ ಹೊತ್ತಿಗೆ ನನ್ನ ಲ್ಯಾಪ್‌ಟಾಪಲ್ಲಿ ಚಾಟ್ ತೋರಿಸಿದೆ, ಅವರು ಹೇಳಿದ್ದನ್ನು ನಾನೇ ಟೈಪ್ ಮಾಡಿದೆ. ಎರಡು ಸಣ್ಣ ಗ್ರೂಪಲ್ಲಿ ಹುಡುಗಿಯರು ಒಂದು ಮಾತೂ ಆಡ್ಲಿಲ್ಲ, ಅಲ್ಲಿ ಮೂರು ಹುಡುಗರ ಮಧ್ಯ ಒಬ್ಬಳನ್ನು ಹಾಕಿದ್ದೆ, ಅದು ನನ್ನ ತಪ್ಪು, ಮುಂದಿನ ಸಲ ಇಬ್ಬಿಬ್ಬರಾದ್ರೂ ಇರುವ ಹಾಗೆ ಮಾಡ್ತೇನೆ. ಜಿಯೋಜೀಬ್ರ ಮೊಬೈಲಲ್ಲಿ ನಮ್ಮ ಮಕ್ಕಳಿಗೆ ಸರಿ ಬರ್ಲಿಲ್ಲ, ಚೌಕ ಗೆರೆಯ ಪುಸ್ತಕದ ಹಾಳೆಯ ಫೋಟೋವೇ ಸುಲಭ ಆಯ್ತು.


ಮುಳ್ಳೇರಿಯ_ಮಾಷ್ಟ್ರು:

ಟೀಚರೇ, 30+40=70 ಓದಿ ನಾನು ಕೂತಲ್ಲಿಂದ ಎದ್ದು ನಿಂತೆ. ಆ ಹುಡುಗ ಇನ್ನು ಲೆಕ್ಕ ಬಿಡುದಿಲ್ಲ ನೋಡಿ.

ಇದನ್ನು ಇಲ್ಲಿಗೇ ನಿಲ್ಲಿಸ್ಬೇಡಿ, ಇನ್ನೊಂದು ಕೇಳಿ. ಚೌಕವಾಗಿ ನೆಡುವ ಬದಲು ಒಂದು ಸಾಲಿನ ಎರಡು ಸಸಿಯ ಮಧ್ಯಕ್ಕೆ ಸರಿಯಾಗಿ ಮುಂದಿನ ಸಾಲಿನ ಸಸಿ ಬರುವ ಹಾಗೆ ನೆಟ್ರೆ, ಯಾವ ಎರಡು ಸಸಿಗೂ 9 ಅಡಿಗಿಂತ ಕಡಿಮೆ ಆಗ್ಬಾರ್ದು, ಅಂಚಿಗೂ ನೆಡ್ಬಹುದು, ಆಗ 70ಕ್ಕಿಂತ ಹೆಚ್ಚು ಹಿಡಿಸ್ತದಾ? ಪೈಥಾಗೊರಸ್ ಬೇಕಾಗ್ತದೆ, ಸಾಲಿಂದ ಸಾಲಿಗೆ ಹತ್ತಿರ ಹತ್ತಿರ 7.8 ಅಡಿ. ಉತ್ತರ ನಾನು ಹೇಳುದಿಲ್ಲ, ನೀವೇ ಮಾಡಿ ನೋಡಿ, ಮಕ್ಕಳಿಗೆ ಹಾಕುವ ಮೊದಲು.


ಪೆರ್ಲ_ಟೀಚರ್:

ಮಾಷ್ಟ್ರೇ, ಹಾಕಿದೆ. ನಾನೂ ರಾತ್ರಿ ಕೂತು ಮಾಡಿದೆ. ಉದ್ದದ ಬದಿಗೆ ಸಾಲು ಹಿಡಿದ್ರೆ 10, 9, 10, 9 ಅಂತ ಏಳು ಸಾಲು, ಒಟ್ಟು 67, ಕಡಿಮೆಯೇ ಆಗ್ತದೆ. ಅಲ್ಲಿಗೇ ಬಿಡುದರಲ್ಲಿದ್ದೆ, ಆಮೇಲೆ ಹಾಳೆಯನ್ನು ಅಡ್ಡ ತಿರುಗಿಸಿ ಅಗಲದ ಬದಿಗೆ ಸಾಲು ಹಿಡಿದೆ, 7, 6, 7, 6 ಅಂತ ಹನ್ನೊಂದು ಸಾಲು ಕೂತ್ಕೊಳ್ತದೆ, 72!

ಮಕ್ಕಳು ಈಗ 67ರಲ್ಲಿ ಇದ್ದಾರೆ. “ಓರೆ ನೆಟ್ರೆ ನಷ್ಟ” ಅಂತ ಒಂದು ಗ್ರೂಪ್ ತೀರ್ಮಾನವೇ ಮಾಡಿದೆ, ಇನ್ನೊಂದು ಗ್ರೂಪಲ್ಲಿ ಒಬ್ಬಳು “ಒಂದೇ ದಿಕ್ಕಿಂದ ನೋಡಿದ್ದಲ್ವಾ” ಅಂತ ಕೇಳಿದ್ದಾಳೆ, ಅದಕ್ಕೆ ಯಾರೂ ಇನ್ನೂ ಉತ್ತರ ಕೊಟ್ಟಿಲ್ಲ. ನಾನು ಶನಿವಾರದವರೆಗೆ ಬಾಯಿ ಬಿಡುದಿಲ್ಲ. ಇಲ್ಲಿ ಓದುವ ನಮ್ಮ ಊರಿನ ಅಪ್ಪ ಅಮ್ಮಂದಿರು ಯಾರಾದ್ರೂ ಇದ್ರೆ ಒಂದು ವಿನಂತಿ, ಅಷ್ಟರವರೆಗೆ ಮನೆಯಲ್ಲಿ 72 ಅಂತ ಹೇಳ್ಬೇಡಿ.